ಊರಿನ ಮನೆಯ ಡಿಶ್ ತೆಗೆಸಿ ಆ್ಯಪ್‌ಗಳಿಗೆ ಹೋಗಬಹುದಾ? ಅನುಭವ ಇದ್ದವರು ಹೇಳಿ

ಅಡಿಕೆಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿದೆ. ಅಲ್ಲಿ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮನೆಯಲ್ಲಿ 11 ವರ್ಷದಿಂದ ಡಿಟಿಎಚ್ ಇದೆ. ರೀಚಾರ್ಜ್ ಮಾಡುವುದು ನಾನೇ, ತಿಂಗಳಿಗೆ 380 ರೂಪಾಯಿ ಹತ್ತಿರ ಬೀಳುತ್ತದೆ.

ಜೂನ್ ಬಂತೆಂದರೆ ಪಾಡು ಶುರು. ಮಳೆ ಜೋರಾದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆದು, ಆಮೇಲೆ "ಸಿಗ್ನಲ್ ಇಲ್ಲ" ಅಂತ ಬರುತ್ತದೆ. ಈ ವರ್ಷವಂತೂ ಸಣ್ಣ ಮಳೆಗೂ ಹೋಗುತ್ತಿತ್ತು. ಅಮ್ಮನ ಫೋನ್ ಬರುವುದು ಸರಿಯಾಗಿ ಧಾರಾವಾಹಿ ಹೊತ್ತಿಗೇ.

ಈಗ ಊರಿಗೆ ಫೈಬರ್ ಲೈನ್ ಬಂದಿದೆ. ಮನೆಗೂ ಹಾಕಿಸಿದ್ದೇನೆ. ಹಾಗಾಗಿ ಡಿಶ್ ತೆಗೆಸಿ ಪೂರ್ತಿ ಆ್ಯಪ್‌ಗಳಿಗೆ ಹೋಗೋಣ ಅನ್ನಿಸಿದೆ. ಅಮ್ಮನಿಗೆ ಜೀ ಕನ್ನಡದ ಎರಡು ಧಾರಾವಾಹಿ, ಕಲರ್ಸ್ ಕನ್ನಡದ ಒಂದು ಬೇಕೇ ಬೇಕು. ಅಪ್ಪನಿಗೆ ಸುದ್ದಿ, ಕ್ರಿಕೆಟ್, ಚಂದನ.

ಒಂದೇ ಹೆದರಿಕೆ ಇರುವುದು. ಅಮ್ಮ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಚಾನೆಲ್ ನಂಬರ್‌ಗಳನ್ನು ದಪ್ಪಗೆ ಬರೆದು ಟಿವಿ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಅದನ್ನು ನೋಡಿ ನಂಬರ್ ಒತ್ತಿದರೆ ಆಯಿತು. ಆ್ಯಪ್‌ನಲ್ಲಿ ಹಾಗೆ ಆಗುವುದಿಲ್ಲ ಅಲ್ವಾ? ನೀವು ಏನು ಮಾಡಿದ್ದೀರಿ?

ಒಂಟಿಕೊಪ್ಪಲ್ ಮನೆ (ಮೈಸೂರು)

ನಾವು 2023ರಲ್ಲಿ ಡಿಟಿಎಚ್ ನಿಲ್ಲಿಸಿದೆವು. ದುಡ್ಡು ಉಳಿಯುತ್ತದೆ ಅಂತ ಅಂದುಕೊಂಡಿದ್ದರೆ ಮೊದಲು ಕೂತು ಲೆಕ್ಕ ಹಾಕಿ. ನಮ್ಮ ಫೈಬರ್ ಪ್ಲ್ಯಾನ್ 399 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 471 ಆಗುತ್ತದೆ. ಫೈಬರ್ ಹೇಗೂ ಬೇಕಿತ್ತು ಅನ್ನುವವರು ಅದನ್ನು ಟಿವಿ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಟಿವಿಗಾಗಿಯೇ ಹಾಕಿಸುವವರು ಹಿಡಿಯಲೇಬೇಕು.

ಅದಾದ ಮೇಲೆ ಆ್ಯಪ್‌ಗಳು. ಕನ್ನಡದವರಿಗೆ ಇಲ್ಲೇ ತೊಡಕು. ನಮ್ಮ ಚಾನೆಲ್‌ಗಳೆಲ್ಲ ಒಂದೇ ಕಡೆ ಇಲ್ಲ. ಜೀ ಕನ್ನಡ ಬೇಕಾದರೆ ಜೀ5. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ ಈಗ ಜಿಯೋಹಾಟ್‌ಸ್ಟಾರ್‌ನಲ್ಲಿವೆ. ಉದಯ ಬೇಕಾದರೆ ಸನ್ ನೆಕ್ಸ್ಟ್. ನೆಟ್‌ಫ್ಲಿಕ್ಸ್‌ನಲ್ಲಿ ಇವುಗಳ ಧಾರಾವಾಹಿ ಬರುವುದಿಲ್ಲ. ಅಮೆಜಾನ್ ಪ್ರೈಮ್ ಕನ್ನಡ ಸಿನಿಮಾಗಳಿಗೆ ಒಳ್ಳೆಯದು, ಆದರೆ ಅಮ್ಮನ ಸಂಜೆ 7ರ ಹೊತ್ತಿಗೆ ಅದು ಉಪಯೋಗಕ್ಕಿಲ್ಲ.

ಇನ್ನೊಂದು ವಿಷಯ. ಡಿಟಿಎಚ್‌ನಲ್ಲಿ ಕಲರ್ಸ್ ಕನ್ನಡ ಕಲರ್ಸ್ ಕನ್ನಡವಾಗಿಯೇ ಇರುತ್ತದೆ. ಇಂಟರ್ನೆಟ್‌ನಲ್ಲಿ ಅದು ಮೊದಲು ವೂಟ್‌ನಲ್ಲಿತ್ತು. ಆಮೇಲೆ ಜಿಯೋಸಿನಿಮಾಕ್ಕೆ ಹೋಯಿತು. 2025ರ ಫೆಬ್ರವರಿ 14ಕ್ಕೆ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಕಂಪನಿಗಳು ಒಂದಾದಾಗಲೆಲ್ಲ ಮನೆಯ ಹಿರಿಯರಿಗೆ ಹೊಸ ಚಿತ್ರ, ಹೊಸ ಹೆಸರು ತೋರಿಸಿಕೊಡಬೇಕು. ಊರಲ್ಲಿ ಇಲ್ಲದ ಮಗನಿಗೆ ಇದು ಸಣ್ಣ ಕೆಲಸ ಅಲ್ಲ.

ಡಿಶ್ ಕೆಲಸ 18 ವರ್ಷ (ಹಾಸನ)

ಸಾಗರದವರೇ, ಡಿಶ್ ತೆಗೆಸುವ ಮೊದಲು ನನ್ನ ಮಾತು ಕೇಳಿ. ಸಣ್ಣ ಮಳೆಗೂ ಹೋಗುತ್ತದೆ ಅಂದಿರಲ್ಲ, ಅದು ಮಳೆಯ ತಪ್ಪು ಅಲ್ಲ.

ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೊ ಅಲೆಯಲ್ಲಿ. ಆ ಅಲೆ ತುಂಬಾ ಸಣ್ಣದು, ಹಾಗಾಗಿ ದಪ್ಪ ಮಳೆ ಹನಿ ಅದನ್ನು ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಊರಿನ ಕೇಬಲ್‌ನವರ ದೊಡ್ಡ ಡಿಶ್ ಹೆಚ್ಚಾಗಿ ಸಿ ಬ್ಯಾಂಡ್ ಹಿಡಿಯುತ್ತದೆ. ಅದರ ಅಲೆ ದೊಡ್ಡದು, ಮಳೆಗೆ ಅಷ್ಟು ಜಗ್ಗುವುದಿಲ್ಲ. ನಿಮ್ಮ ಕಡೆಯ ಆಷಾಢದ ಮಳೆಗೆ 10–15 ನಿಮಿಷ ಸಿಗ್ನಲ್ ಹೋದರೆ ಅದಕ್ಕೆ ಯಾರೂ ಏನೂ ಮಾಡಲಾಗದು. ಆದರೆ ಜಿಟಿಜಿಟಿ ಮಳೆಗೆ ಹೋಗಬಾರದು. ಹೋಗುತ್ತಿದ್ದರೆ ಮೂರರಲ್ಲಿ ಒಂದು ಕಾರಣ ಇರುತ್ತದೆ.

ಮೊದಲನೆಯದು, ಕನೆಕ್ಟರ್. ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಅಂತ ಇರುತ್ತದೆ, ಅದಕ್ಕೆ ಕೇಬಲ್ ಸೇರುವ ಜಾಗ. ಅಲ್ಲಿ ನೀರು ಇಳಿದು ಒಳಗಿನ ತಾಮ್ರದ ತಂತಿ ಹಸಿರುಗಟ್ಟಿರುತ್ತದೆ. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಇಂಚು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಸುತ್ತಬೇಕು. ಕೇಬಲ್ ಅಲ್ಲಿ ಒಂದು ಸಲ ಕೆಳಗೆ ಜೋತು ಆಮೇಲೆ ಮೇಲೆ ಹೋಗುವ ಹಾಗೆ ಬಿಡಬೇಕು. ಆಗ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್‌ಗೆ ಇಳಿಯುವುದಿಲ್ಲ.

ಎರಡನೆಯದು, ಮರ. ನಮ್ಮ ಕಡೆ ಡಿಶ್‌ಗಳು ಆಗ್ನೇಯಕ್ಕೆ ಮುಖ ಮಾಡಿರುತ್ತವೆ. 11 ವರ್ಷದ ಹಿಂದೆ ಹಾಕಿಸಿದಾಗ ಆ ಕಡೆ ಇದ್ದ ಗಿಡ ಈಗ ಮರವಾಗಿರಬಹುದು. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಒದ್ದೆ ಎಲೆ ಮಾತ್ರ ಸಿಗ್ನಲ್ ಕುಡಿದುಬಿಡುತ್ತದೆ.

ಮೂರನೆಯದು, ಗಾಳಿಗೆ ಡಿಶ್ ಸ್ವಲ್ಪ ಅಲುಗಾಡಿರುವುದು. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಕ್ವಾಲಿಟಿ ನೋಡಿ. ಒಳ್ಳೆ ಬಿಸಿಲಿನ ದಿನವೂ ಕಡಿಮೆ ತೋರಿಸಿದರೆ ತಿರುಗಿಸಿ ಕೂರಿಸಬೇಕು. ಇಷ್ಟು ನೋಡಿಸಿ, ಆಮೇಲೆ ತೆಗೆಸುವ ಮಾತು.

ಅಡಿಕೆಮನೆ (ಸಾಗರ)

ಅಣ್ಣಾ, ತುಂಬಾ ಉಪಕಾರ ಆಯಿತು. ಆಗ್ನೇಯಕ್ಕೆ ನಮ್ಮದೊಂದು ಹಲಸಿನ ಮರ ಇದೆ! ಕನೆಕ್ಟರ್ ವಿಷಯ ಯಾರೂ ಹೇಳಿರಲಿಲ್ಲ. ಕಂಪನಿಯಿಂದ ಬಂದವರು ಎರಡು ಸಲವೂ ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಹೋಗಿದ್ದರು.

ಇನ್ನೊಂದು ಪ್ರಶ್ನೆ. ಆ್ಯಪ್‌ನಲ್ಲಿ ಕ್ರಿಕೆಟ್ ಹೇಗೆ ಬರುತ್ತದೆ? ಅಪ್ಪನಿಗೆ ಅದು ಮುಖ್ಯ.

ವಿದ್ಯಾನಗರ (ಹುಬ್ಬಳ್ಳಿ)

ಕ್ರಿಕೆಟ್ ಬಗ್ಗೆ ನನ್ನನ್ನು ಕೇಳ್ರಿ. ಚಿತ್ರ ಚೆನ್ನಾಗಿಯೇ ಬರುತ್ತದೆ, ಕನ್ನಡ ಕಾಮೆಂಟರಿಯೂ ಇದೆ. ಆದರೆ ತಡವಾಗಿ ಬರುತ್ತದೆ. ಆ್ಯಪ್‌ನಲ್ಲಿ ವಿಡಿಯೊವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ನಮ್ಮ ಟಿವಿ ಒಂದಷ್ಟು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ಡಿಶ್‌ಗಿಂತ ಹಿಂದೆ ಇರುತ್ತದೆ, ಕೆಲವು ಸಲ ಅರ್ಧ ನಿಮಿಷದಷ್ಟು.

2025ರ ಜೂನ್ 3, ಅಹಮದಾಬಾದ್ ಫೈನಲ್. ಆರ್‌ಸಿಬಿಗೆ 18 ವರ್ಷ ಕಾದ ರಾತ್ರಿ. ನಮ್ಮ ಮನೆಯಲ್ಲಿ ಆ್ಯಪ್, ಎದುರು ಮನೆಯಲ್ಲಿ ಡಿಶ್. ಕೊನೆಯ ಓವರ್‌ನಲ್ಲಿ ಪಂಜಾಬ್‌ಗೆ 29 ರನ್ ಬೇಕು. ಶಶಾಂಕ್ ಸಿಂಗ್ ಹೊಡೆಯುತ್ತಿದ್ದಾನೆ. ನಾನು, ನನ್ನ ತಮ್ಮ, ಅಪ್ಪ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೇವೆ. ನಮ್ಮಲ್ಲಿ ಇನ್ನೂ ಓವರ್ ನಡೆದಿರುವಾಗಲೇ ಎದುರು ಮನೆಯಿಂದ ಪಟಾಕಿ ಸರ ಹೊತ್ತಿಕೊಂಡಿತು. ಅಪ್ಪ ಎದ್ದು ನಿಂತು "ಗೆದ್ದರು" ಅಂದರು, ಅಷ್ಟೇ. 6 ರನ್‌ಗಳಿಂದ ಗೆದ್ದ ಮ್ಯಾಚು. ಆ ಕೊನೆಯ ಎಸೆತಗಳನ್ನು ನಾವು ಫಲಿತಾಂಶ ಗೊತ್ತಾದ ಮೇಲೆ ನೋಡಿದೆವು. ಅಷ್ಟು ವರ್ಷ ಕಾದ ಅಪ್ಪನಿಗೆ ಆ ಒಂದು ಕ್ಷಣ ತಪ್ಪಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ನಿಮ್ಮ ತೋಟದ ಮನೆಗೆ ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ತೊಂದರೆ ಇಲ್ಲ. ಮೊಬೈಲ್ ಮಾತ್ರ ದೂರ ಇಡಿ.

ಪಿಜಿ ರೂಮು (ಬೆಂಗಳೂರು)

ಡೇಟಾ ಲೆಕ್ಕ ಹೇಳುತ್ತೇನೆ, ಬೇಕಾಗುತ್ತದೆ. ಎಚ್‌ಡಿಗೆ ಸುಮಾರು 5 ಎಂಬಿಪಿಎಸ್ ವೇಗ ಬೇಕು. ಒಂದು ಗಂಟೆಗೆ 3 ಜಿಬಿವರೆಗೂ ಖರ್ಚಾಗುತ್ತದೆ. ದಿನಕ್ಕೆ 5 ಗಂಟೆ ಟಿವಿ ಓಡಿದರೆ 15 ಜಿಬಿ, ತಿಂಗಳಿಗೆ 450 ಜಿಬಿ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಿಂದ ಹಾಟ್‌ಸ್ಪಾಟ್ ಹಾಕಿ ಟಿವಿ ನೋಡೋಣ ಅನ್ನುವುದು ಆಗದ ಮಾತು. ಫೈಬರ್ ಇದ್ದರೆ 30 ಎಂಬಿಪಿಎಸ್ ಪ್ಲ್ಯಾನ್ ಒಂದು ಟಿವಿಗೆ ಧಾರಾಳ ಸಾಕು. ಸುಮ್ನೆ 100, 200ರ ಪ್ಲ್ಯಾನ್ ತಗೋಬೇಡಿ.

ಮೇಷ್ಟ್ರು (ಕಲಬುರಗಿ)

ಎಲ್ಲರೂ ತಿಂಗಳ ಬಾಡಿಗೆಯ ಲೆಕ್ಕವನ್ನೇ ಹೇಳುತ್ತಿದ್ದೀರಿ. ಡಿಡಿ ಫ್ರೀ ಡಿಶ್ ಬಗ್ಗೆ ಯಾರೂ ಹೇಳಲಿಲ್ಲ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದೇ ಇದು. ಡಿಶ್ ಮತ್ತು ಬಾಕ್ಸ್ ಒಂದು ಸಲ ಕೊಂಡರೆ ಮುಗಿಯಿತು, ತಿಂಗಳಿಗೆ ಒಂದು ರೂಪಾಯಿಯೂ ಇಲ್ಲ. ಚಂದನ ಬರುತ್ತದೆ. ನಿಮ್ಮ ಅಪ್ಪ "ಥಟ್ ಅಂತ ಹೇಳಿ" ನೋಡುವವರಾದರೆ ಅವರ ಅರ್ಧ ಕೆಲಸ ಆಯಿತು.

ಕ್ರಿಕೆಟ್ ಕೂಡ ಸ್ವಲ್ಪ ಸಿಗುತ್ತದೆ. ದೇಶಕ್ಕೆ ಮುಖ್ಯವಾದ ಪಂದ್ಯಗಳನ್ನು ಹಕ್ಕು ಕೊಂಡವರು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಅಂತ 2007ರಲ್ಲಿ ಕಾನೂನೇ ಆಗಿದೆ. ಐಪಿಎಲ್ ಆ ಪಟ್ಟಿಯಲ್ಲಿ ಇಲ್ಲ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ಸ್ವಂತ ಆ್ಯಪ್ ಕೂಡ ತಂದಿದೆ, ಅದನ್ನೂ ನೋಡಬಹುದು.

ಆದರೆ ಒಂದು ಮಾತು ಒಪ್ಪುತ್ತೇನೆ. ನಿಮ್ಮ ತಾಯಿಯವರ ಧಾರಾವಾಹಿಗಳು ಇದರಲ್ಲಿ ಸಿಗುವುದಿಲ್ಲ. ಹಿಂದಿ ಮನರಂಜನೆ ಬೇಕಾದಷ್ಟಿದೆ, ಕನ್ನಡಿಗರ ಪಾಲಿಗೆ ಬಂದದ್ದು ಬಹಳ ಕಡಿಮೆ. ಇದು ನನಗೆ ನೋವಿನ ವಿಷಯ. ನಮ್ಮ ಕಡೆ ಹಳ್ಳಿಗಳಲ್ಲಿ ರೀಚಾರ್ಜ್ ಮಾಡಲಾಗದೆ ಫ್ರೀ ಡಿಶ್ ಹಾಕಿಸಿಕೊಂಡ ಮನೆಗಳ ಮಕ್ಕಳು ಹಿಂದಿ ಕಾರ್ಟೂನನ್ನೇ ನೋಡಿ ಬೆಳೆಯುತ್ತಿದ್ದಾರೆ. ಕ್ಲಾಸಿನಲ್ಲಿ ಅದರ ಮಾತುಗಳನ್ನೇ ಆಡುತ್ತಾರೆ.

ಡೊಂಬಿವಲಿ ಅಕ್ಕ (ಮುಂಬೈ ಕಡೆ)

ಮೇಷ್ಟ್ರೇ, ಮಕ್ಕಳ ಮಾತು ತೆಗೆದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ನಮ್ಮ ಬಿಲ್ಡಿಂಗಿನ ಕೇಬಲ್‌ನವನು ಒಂದೇ ಒಂದು ಕನ್ನಡ ಚಾನೆಲ್ ಕೊಡುತ್ತಿರಲಿಲ್ಲ. "ಕನ್ನಡ ಕೇಳುವವರು ನೀವೊಬ್ಬರೇ" ಅನ್ನುತ್ತಿದ್ದ. ಡಿಟಿಎಚ್ ಹಾಕಿಸಿದ ದಿನ ಉದಯ ಬಂದಾಗ ನಾನು ಅಡುಗೆಮನೆಯಿಂದ ಓಡಿ ಬಂದು ನಿಂತುಕೊಂಡೇ ಒಂದು ಪೂರ್ತಿ ಸಿನಿಮಾ ನೋಡಿದ್ದೆ. ಆ ಋಣ ಡಿಶ್ ಮೇಲೆ ನನಗಿದೆ.

ಆದರೂ ಹೋದ ವರ್ಷ ನಿಲ್ಲಿಸಿದೆ. ಕಾರಣ, ನಮ್ಮ ಹೊಸ ಬಿಲ್ಡಿಂಗಿನಲ್ಲಿ ಡಿಶ್ ಹಾಕಲು ಬಿಡುವುದಿಲ್ಲ. ಆ್ಯಪ್‌ನಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಊರು ಯಾವುದಾದರೂ ಭಾಷೆ ನಾವೇ ಆರಿಸಿಕೊಳ್ಳಬಹುದು. ಮಕ್ಕಳ ಪ್ರೊಫೈಲ್‌ಗೆ ಕನ್ನಡ ಇಟ್ಟಿದ್ದೇನೆ. ಮರಾಠಿ ಶಾಲೆಯಲ್ಲಿ, ಹಿಂದಿ ಆಟದಲ್ಲಿ, ಕನ್ನಡ ಮನೆಯಲ್ಲಿ. ಕೆಲವು ಕಾರ್ಟೂನ್‌ಗಳಿಗೆ ಕನ್ನಡ ಆಡಿಯೊ ಇದೆ, ಹುಡುಕಿ ಹಾಕಬೇಕು. ಮೊನ್ನೆ ಚಿಕ್ಕವಳು ಫೋನಿನಲ್ಲಿ ಅಜ್ಜಿಗೆ "ನಂಗೆ ಹಸಿವಾಗ್ತಿದೆ" ಅಂದಳು. ಅಜ್ಜಿಗೆ ಆದ ಖುಷಿ ಹೇಳತೀರದು.

ಸಾಧನಕೇರಿ (ಧಾರವಾಡ)

ಎಲ್ಲರೂ ಆ್ಯಪ್ ಕಡೆಗೇ ಹೋಗುತ್ತಿದ್ದೀರಿ. ನಾನು ಡಿಟಿಎಚ್ ಉಳಿಸಿಕೊಳ್ಳಿ ಅನ್ನುವವನು.

380 ರೂಪಾಯಿ ಆಗುತ್ತಿದೆ ಅಂದರೆ ನೀವು ಕಂಪನಿಯವರೇ ಕಟ್ಟಿಕೊಟ್ಟ ದೊಡ್ಡ ಪ್ಯಾಕ್‌ನಲ್ಲಿ ಇದ್ದೀರಿ. 2019ರ ಫೆಬ್ರವರಿಯಿಂದ ಟ್ರಾಯ್ (ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಸಂಸ್ಥೆ) ನಿಯಮ ಬದಲಾಗಿದೆ, ಬೇಕಾದ ಚಾನೆಲ್ ಮಾತ್ರ ಬಿಡಿಯಾಗಿ ತೆಗೆದುಕೊಳ್ಳಬಹುದು. ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು ನೆಟ್‌ವರ್ಕ್ ಶುಲ್ಕ. ಮೊದಲು ಇದಕ್ಕೆ 130 ರೂಪಾಯಿ ಮಿತಿ ಇತ್ತು, ಜಿಎಸ್‌ಟಿ ಸೇರಿ 153 ಆಗುತ್ತಿತ್ತು. 2024ರ ಜುಲೈನಲ್ಲಿ ಆ ಮಿತಿ ತೆಗೆದರು, ಹಾಗಾಗಿ ಈಗ ಕಂಪನಿಗೊಂದು ದರ. ಇನ್ನೊಂದು ಚಾನೆಲ್‌ಗಳ ಬೆಲೆ. ಪ್ಯಾಕ್‌ನಲ್ಲಿ ಸೇರಿಸುವ ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ದಾಟುವಂತಿಲ್ಲ. ಉಚಿತ ಚಾನೆಲ್‌ಗಳು ನೆಟ್‌ವರ್ಕ್ ಶುಲ್ಕದಲ್ಲೇ ಬರುತ್ತವೆ. ಎಷ್ಟೋ ಸುದ್ದಿ ಚಾನೆಲ್‌ಗಳು ಉಚಿತವೇ.

ಜೀ ಕನ್ನಡ, ಕಲರ್ಸ್ ಕನ್ನಡ, ಒಂದು ಕ್ರೀಡಾ ಚಾನೆಲ್ ಬಿಡಿಯಾಗಿ ಹಾಕಿಸಿ ನೋಡಿ. ನಮ್ಮಲ್ಲಿ ಹಾಗೆ ಮಾಡಿದ ಮೇಲೆ ಬಿಲ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಕಸ್ಟಮರ್ ಕೇರ್‌ನವರು ತಾವಾಗಿ ಇದನ್ನು ಹೇಳುವುದಿಲ್ಲ. ನಾವೇ ಆ್ಯಪ್‌ನಲ್ಲಿ ಕೂತು ಒಂದೊಂದಾಗಿ ಟಿಕ್ ತೆಗೆಯಬೇಕು.

ಮತ್ತೆ ಜಾಹೀರಾತು. ಡಿಶ್‌ನಲ್ಲಿ ಜಾಹೀರಾತು ಇದೆ ಅಂತ ಆ್ಯಪ್‌ಗೆ ಓಡಿದರು. ಈಗ ಅಲ್ಲಿಯೂ ಕಡಿಮೆ ದರದ ಪ್ಲ್ಯಾನ್‌ಗಳಲ್ಲಿ ಜಾಹೀರಾತು ಇದೆ. ಪ್ರೈಮ್‌ನಲ್ಲಿ ಕೂಡ 2025ರ ಜೂನ್‌ನಿಂದ ಶುರುವಾಯಿತು, ಬೇಡ ಅಂದರೆ ವರ್ಷಕ್ಕೆ ಇನ್ನೂ 699 ಕೊಡಬೇಕು.

ಒಂಟಿಕೊಪ್ಪಲ್ ಮನೆ (ಮೈಸೂರು)

ಧಾರವಾಡದವರ ಮಾತು ಒಪ್ಪಿದೆ. ಆದರೂ ಆ್ಯಪ್ ಹಾಕುವುದಾದರೆ ಸಾಗರದವರಿಗೆ ನಾಲ್ಕು ಮಾತು ಹೇಳುತ್ತೇನೆ. ಎಲ್ಲ ನಾನು ಪೆಟ್ಟು ತಿಂದು ಕಲಿತದ್ದು.

ಮೊಬೈಲ್ ಪ್ಲ್ಯಾನ್ ಅಗ್ಗ ಅಂತ ತೆಗೆದುಕೊಳ್ಳಬೇಡಿ. ಅದು ಟಿವಿಯಲ್ಲಿ ಓಡುವುದಿಲ್ಲ. ನಾನು ಒಂದು ವರ್ಷದ್ದು ಕಟ್ಟಿ ಆಮೇಲೆ ನೋಡಿಕೊಂಡೆ. ಲಾಗಿನ್ ನಿಮ್ಮ ನಂಬರ್‌ನಲ್ಲಿ ಮಾಡಿದರೆ ಒಟಿಪಿ ನಿಮಗೇ ಬರುತ್ತದೆ. ಟಿವಿ ಯಾವಾಗಲೋ ಲಾಗೌಟ್ ಆಗುತ್ತದೆ, ನೀವು ಮೀಟಿಂಗ್‌ನಲ್ಲಿರುತ್ತೀರಿ, ಅಮ್ಮ ರಿಮೋಟ್ ಹಿಡಿದು ಕಾಯುತ್ತಿರುತ್ತಾರೆ. ಅಪ್ಪನ ನಂಬರ್ ಹಾಕಿ. ಆಟೊಪೇ ಆಫ್ ಮಾಡಿ.

ಧಾರಾವಾಹಿಯನ್ನು ಹೆಸರಿನಿಂದ ಹುಡುಕುವುದು ಅವರಿಗೆ ಕಷ್ಟ. ಮೈಕ್ ಇರುವ ರಿಮೋಟ್ ಕೊಂಡು, ಗುಂಡಿ ಒತ್ತಿ ಕನ್ನಡದಲ್ಲೇ ಹೆಸರು ಹೇಳುವುದನ್ನು ಕಲಿಸಿ. ನಮ್ಮ ಅತ್ತೆಗೆ 74 ವರ್ಷ, ಎರಡು ದಿನದಲ್ಲಿ ಕಲಿತರು. ಈಗ ಅವರದು ಇನ್ನೊಂದು ಸಂತೋಷ. ಜೀ5ರಲ್ಲಿ ದುಡ್ಡು ಕಟ್ಟಿದವರಿಗೆ ಆ ದಿನದ ಕಂತು ಟಿವಿಗಿಂತ ಮೊದಲೇ ಸಿಗುತ್ತದೆ. ಅವರು ಬೆಳಗ್ಗೆಯೇ ನೋಡಿ, ಸಂಜೆ ವಾಕಿಂಗ್‌ನಲ್ಲಿ ಗೆಳತಿಯರಿಗೆ ಕಥೆ ಹೇಳುತ್ತಾರೆ.

ಡಿಶ್ ಕೆಲಸ 18 ವರ್ಷ (ಹಾಸನ)

ಮಧ್ಯದ ದಾರಿಯೂ ಒಂದಿದೆ. ಫೈಬರ್‌ನಲ್ಲೇ ಚಾನೆಲ್ ಕೊಡುವ ಐಪಿಟಿವಿ. ಜಿಯೋ ಫೈಬರ್ ಬಾಕ್ಸ್‌ನಲ್ಲಿ ಲೈವ್ ಚಾನೆಲ್ ಬರುತ್ತದೆ. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ 2000 ಊರುಗಳಲ್ಲಿ ಶುರು ಮಾಡಿತು, 699ರಿಂದ ಪ್ಲ್ಯಾನ್. ರಿಮೋಟ್‌ನಲ್ಲಿ ನಂಬರ್ ಗುಂಡಿ ಇದ್ದರೆ ಒತ್ತಿ ಚಾನೆಲ್ ಹಾಕಬಹುದು, ನಿಮ್ಮ ತಾಯಿ ಕ್ಯಾಲೆಂಡರ್ ಹಾಳೆಯಲ್ಲಿ ಹೊಸ ನಂಬರ್ ಬರೆದುಕೊಂಡರೆ ಆಯಿತು. ಮಳೆಗೆ ಸಿಗ್ನಲ್ ಹೋಗುವ ಪ್ರಶ್ನೆ ಇಲ್ಲ.

ಆದರೆ ಮಲೆನಾಡಿನಲ್ಲಿ ಫೈಬರ್ ಹೋಗುವುದು ಬೇರೆ ರೀತಿ. ಗಾಳಿಗೆ ಕೊಂಬೆ ಬಿದ್ದು ಲೈನ್ ತುಂಡಾದರೆ ಜೋಡಿಸಲು ಜನ ಬರಬೇಕು. ಡಿಶ್ ಮಳೆ ನಿಂತ ಹತ್ತು ನಿಮಿಷಕ್ಕೆ ತಾನಾಗಿ ಬರುತ್ತದೆ. ಫೈಬರ್ ಎರಡು ದಿನ ಆದರೂ ಬರದೇ ಇರಬಹುದು. ಕರೆಂಟು ಹೋದಾಗ ನಿಮ್ಮ ರೂಟರ್‌ಗೂ ಪವರ್ ಬೇಕು. ಸಣ್ಣ ಯುಪಿಎಸ್ ಹಾಕಿಸಿ. ಡಿಶ್ ಕೆಲಸದವನು ಅಂತ ಡಿಶ್ ಪರ ಮಾತಾಡುತ್ತಿಲ್ಲ. ಕಂಬ ಹತ್ತಿ ಫೈಬರ್ ಕೆಲಸವನ್ನೂ ಈಗ ನಾನೇ ಮಾಡುತ್ತೇನೆ. ಎರಡರ ಕಷ್ಟವೂ ಗೊತ್ತು.

ಅಡಿಕೆಮನೆ (ಸಾಗರ)

ಎಲ್ಲರಿಗೂ ಮತ್ತೆ ನಮಸ್ಕಾರ. ಇಷ್ಟು ದಿನ ಬಿಟ್ಟು ಬರೆಯುತ್ತಿದ್ದೇನೆ. ದೀಪಾವಳಿಗೆ ಊರಿಗೆ ಹೋಗಿದ್ದೆ, ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಕನೆಕ್ಟರ್. ಹಾಸನದ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಮಾಡಿಗೆ ಏಣಿ ಇಟ್ಟು ಹತ್ತಿ ಬಿಚ್ಚಿದರೆ ತುದಿಯಿಂದ ನೀರು ತೊಟ್ಟಿಕ್ಕಿತು. ತಂತಿ ಪಾಚಿ ಬಣ್ಣಕ್ಕೆ ತಿರುಗಿತ್ತು. ಸಾಗರ ಪೇಟೆಯಿಂದ ಹುಡುಗನೊಬ್ಬನನ್ನು ಕರೆಸಿ ಹೊಸ ಕನೆಕ್ಟರ್, ಟೇಪ್ ಹಾಕಿಸಿದೆ. ಹಲಸಿನ ಮರದ ಎರಡು ಕೊಂಬೆ ಕಡಿದೆವು. ಬಾಕ್ಸ್‌ನಲ್ಲಿ ಕ್ವಾಲಿಟಿ 40ರ ಹತ್ತಿರ ಇದ್ದದ್ದು 80 ದಾಟಿತು. ಅದಾದ ವಾರಕ್ಕೆ ಗುಡುಗು ಸಹಿತ ಒಳ್ಳೆ ಮಳೆ ಬಂತು. ಚಿತ್ರ ಒಂದು ಸಲವೂ ಒಡೆಯಲಿಲ್ಲ. ಅಪ್ಪ ಟಿವಿ ಬಿಟ್ಟು ಮಳೆಯನ್ನೇ ನೋಡುತ್ತಾ ಕೂತರು.

ಹಾಗಾಗಿ ಡಿಶ್ ತೆಗೆಸಲಿಲ್ಲ. ಧಾರವಾಡದವರು ಹೇಳಿದ ಹಾಗೆ ದೊಡ್ಡ ಪ್ಯಾಕ್ ಬಿಟ್ಟು ಚಾನೆಲ್‌ಗಳನ್ನು ಬಿಡಿಯಾಗಿ ಆರಿಸಿದೆ. 380 ಇದ್ದದ್ದು 230ಕ್ಕೆ ಬಂತು. ಅಪ್ಪನ ಚಂದನ, ಸುದ್ದಿ, ಕ್ರಿಕೆಟ್ ಎಲ್ಲ ಅದರಲ್ಲೇ. ಅರ್ಧ ನಿಮಿಷ ತಡವಿಲ್ಲ.

ಉಳಿದ ದುಡ್ಡಿಗೆ ಅಮ್ಮನಿಗಾಗಿ ಒಂದೇ ಒಂದು ಆ್ಯಪ್ ಹಾಕಿದ್ದೇನೆ, ಜೀ ಕನ್ನಡದ್ದು. ಮೂರೂ ಹಾಕುವ ಯೋಚನೆ ಬಿಟ್ಟೆ. ಲಾಗಿನ್ ಅಪ್ಪನ ನಂಬರ್‌ನಲ್ಲಿದೆ. ಮೈಕ್ ರಿಮೋಟ್ ಕೊಟ್ಟು ಬಂದೆ. ಮೊದಲ ದಿನ ಅಮ್ಮ ಮೈಕ್‌ಗೆ "ಅದೇ, ನಿನ್ನೆ ನಿಲ್ಲಿಸಿದ್ದು ಹಾಕು" ಅಂದಳು. ಟಿವಿ ಏನೇನೋ ತೋರಿಸಿತು. ಈಗ ಧಾರಾವಾಹಿ ಹೆಸರನ್ನು ಮಾತ್ರ, ನಿಧಾನಕ್ಕೆ, ಪಾಠ ಒಪ್ಪಿಸುವ ಹಾಗೆ ಹೇಳುತ್ತಾಳೆ. ಕ್ಯಾಲೆಂಡರ್ ಹಾಳೆಯ ಕೆಳಗೆ ಇನ್ನೊಂದು ಹಾಳೆ ಅಂಟಿಸಿದ್ದಾಳೆ. 1) ಮನೆ ಚಿತ್ರದ ಗುಂಡಿ. 2) ಮೈಕ್. 3) ಹೆಸರು. 4) ಮಧ್ಯದ ಗುಂಡಿ.

ಇದು ಎಷ್ಟು ಉಪಯೋಗಕ್ಕೆ ಬಂತು ಅಂತ ಈಗ ಗೊತ್ತಾಗುತ್ತಿದೆ. ನಮ್ಮಲ್ಲಿ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾಗಿದೆ. ಸಂಜೆ ಆದರೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ನಮ್ಮ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಾರೆ. ಪ್ರತಿ ವರ್ಷ ಈ ಎರಡು ತಿಂಗಳು ಅಮ್ಮನ ಧಾರಾವಾಹಿ ತಪ್ಪುತ್ತಿತ್ತು. ಈ ಸಲ ಟಿವಿಯನ್ನು ಜಗಲಿಗೆ ಕಾಣುವ ಹಾಗೆ ತಿರುಗಿಸಿಕೊಂಡಿದ್ದಾರಂತೆ. ನಿನ್ನೆ ಫೋನ್ ಮಾಡಿದಾಗ ಹಿಂದೆ ಧಾರಾವಾಹಿಯ ಸದ್ದು ಕೇಳುತ್ತಿತ್ತು, ಗಂಟೆ ಆಗಲೇ ಒಂಬತ್ತೂವರೆ. ಇಷ್ಟು ಹೊತ್ತಿಗೆ ಯಾವುದಮ್ಮಾ ಅಂತ ಕೇಳಿದೆ. ಪಕ್ಕದ ಮನೆ ಅತ್ತಿಗೆ ಮೊನ್ನೆ ಬಂದಿರಲಿಲ್ಲವಂತೆ. ಅವಳಿಗಾಗಿ ಮೊದಲು ಮೊನ್ನೆಯದು ಹಾಕಿದ್ದಾರೆ, ಅದು ಮುಗಿದ ಮೇಲೆ ಇವತ್ತಿನದು.